ಸವೆದ ಪಾದ

ಇವತ್ತು ಬೆಳಿಗ್ಗೆ ಬೆಂಗಳೂರಿನ ತಿಲಕ್ ನಗರದಲ್ಲಿ, ಕೃತಕ ಕಾಲು ಮಾಡುವ ನಮ್ಮ ವರ್ಕ್‌ಶಾಪಿನ ಬಾಗಿಲು ತೆಗೆದರೆ ಕಾಡಿನ ವಾಸನೆ. ಗಾಬರಿಯಾಗಬೇಡಿ, ಕಾಡು ಗೋಣಿಚೀಲದೊಳಗಿತ್ತು, ಚಾಮರಾಜನಗರದ ಬಸ್ಸಿನಲ್ಲಿ ಬಂದಿತ್ತು. ಬಿಚ್ಚಿದರೆ ಮಾದಮ್ಮನ ಕಾಲು: ಕೆಮ್ಮಣ್ಣು ಮೆತ್ತಿ, ಪಾದ ಸವೆದು, ಹೆಬ್ಬೆರಳ ಕಡೆ ಹರಿದಿದೆ. ಜೊತೆಗೆ ಒಂದು ಬೊಗಸೆ ನೆಲ್ಲಿಕಾಯಿ. ತಾನು ಮಾಡಿದ ವಸ್ತು ಹರಿದು ವಾಪಸಾದರೆ ಯಾರಾದರೂ ಹಿಗ್ಗುತ್ತಾರೆಯೇ? ನಾನು ಹಿಗ್ಗಿದೆ.

ಅದಕ್ಕೆ ಕಾರಣವಿದೆ, ಕೇಳಿ. ಮಾದಮ್ಮ ಸೋಲಿಗರ ಹೆಂಗಸು. ಬೆಟ್ಟದ ಮೇಲಿನ ಹಾಡಿಯಲ್ಲಿ ವಾಸ, ಕಾಡಿನಲ್ಲಿ ನೆಲ್ಲಿಕಾಯಿ, ಸೀಗೇಕಾಯಿ ಆಯ್ದು ಜೀವನ. ಮೊಣಕಾಲ ಕೆಳಗೆ ಕಾಲು ಹೋದಮೇಲೆ ಕಾಡೂ ದೂರವಾಯಿತು. ಆಕೆಯನ್ನು ಇಲ್ಲಿಗೇ ಕರೆಸಿ, ಅಳತೆ ತೆಗೆದು, ಕಾಲು ಮಾಡಿ, ನುಣ್ಣನೆಯ ಟೈಲ್ಸ್ ಮೇಲೆ ನಡೆಸಿ ಕಳಿಸಿದೆವು. ಅದರ ಬಣ್ಣ ಆಕೆಯ ಮೈಬಣ್ಣಕ್ಕೆ ಹೊಂದಿದ ಚೆಂದಕ್ಕೆ ನಾನು ಜಯನಗರದ ನೆಂಟರಿಗೆಲ್ಲ ಫೋಟೋ ತೋರಿಸಿದ್ದೂ ಆಯಿತು!

ಆರು ತಿಂಗಳಿಗೆ ಹಾಡಿಗೆ ಹೋದರೆ ಕಾಲು ಗೋಡೆಯ ಮೊಳೆಗೆ ನೇತಾಡುತ್ತಿದೆ. ಹೊಸದರ ಹಾಗೇ ಇದೆ.

“ಯಾಕಮ್ಮಾ, ನೋವಾಗುತ್ತಾ?”

“ಇಲ್ಲ ಸಾಮಿ, ಬಲು ಚೆಂದಾಗದ. ಅದ್ಕೇ ತೂಗಾಕಿವ್ನಿ. ಒಲೆ ಮುಂದ ಕುಕ್ಕರಗಾಲಲ್ಲಿ ಕೂರಾಕಾಗಲ್ಲ, ದಿಣ್ಣ ಹತ್ತಾಕಾಗಲ್ಲ. ನಿಮ್ಮ ನೆಲ ನಮ್ಮಲ್ಲಿಲ್ವಲ್ಲ!”

ಜೊತೆಗೆ ಬಂದಿದ್ದ ನಮ್ಮ ಮೇಸ್ತ್ರಿ ಶಿವಲಿಂಗಪ್ಪನವರು ಪಂಚೆ ಎತ್ತಿ ಕಟ್ಟಿದರು. “ಕಾಲಿನ ಅಳತೆ ತಗೊಂಡ್ವಿ, ದಾರೀದು ಯಾರಯ್ಯ ತಗೊಂಡ್ರು? ಬಿಡು ಚಪ್ಪಲಿ, ನಡಿ.”

ಬರಿಗಾಲಲ್ಲಿ ದಿಣ್ಣೆ ಹತ್ತಿದೆವು. ನಾನು ಜಾರಿದಾಗಲೆಲ್ಲ ಮಾದಮ್ಮ ಕೆಳಗಿನಿಂದ ಲೆಕ್ಕ ಹೇಳುತ್ತಿದ್ದಳು. ವಾಪಸು ಬಂದು ಮಾಡಿದ ಎರಡನೆಯ ಕಾಲು ಕುಕ್ಕರಗಾಲಿಗೆ ಮಣಿಯಿತು, ದಪ್ಪ ರಬ್ಬರ್ ಪಾದ ಕಲ್ಲಿಗೆ ಹೆದರಲಿಲ್ಲ. ಬಣ್ಣ ಮಾತ್ರ ಹೊಂದಲಿಲ್ಲ. “ಬಣ್ಣ ನೋಡೋರ್ಯಾರು, ನೆಲ್ಲಿಮರವಾ?” ಎಂದಳು. ಅಲ್ಲಿಂದೀಚೆಗೆ ಯಾರ ಕಾಲಿಗಾದರೂ ಸರಿ, ಮೊದಲು ಅವರ ದಾರಿ ನಡೆದು ನೋಡುವುದು ನಮ್ಮ ಕ್ರಮ.

ಇವತ್ತು ಸವೆದು ಬಂದದ್ದು ಆ ಎರಡನೆಯ ಕಾಲೇ; ಹೆಮ್ಮೆಯಿಂದಲೇ ಮಾದಮ್ಮನಿಗೆ ಫೋನ್ ಮಾಡಿದೆ.

“ಬ್ಯಾಗ ಕಳ್ಸಿ ಸಾಮಿ. ಕಾಯಿ ಉದುರ್ತಾ ಅದ, ನಾ ಇಲ್ಲಿ ಕುಂತಿವ್ನಿ.”

ಹಿಗ್ಗು ಸ್ವಲ್ಪ ಇಳಿಯಿತು. ಕಾಲು ಬೆಂಗಳೂರಿನಲ್ಲಿದ್ದಷ್ಟು ದಿನ ಆಕೆಗೆ ಕಾಡಿಲ್ಲ. ಶಿವಲಿಂಗಪ್ಪನವರು ಆಗಲೇ ಹೊಸ ಪಾದ ಜೋಡಿಸಿ, ಪೆಟ್ಟಿಗೆಗೆ ಇನ್ನೆರಡು ಪಾದ, ಸ್ಪ್ಯಾನರ್ ತುಂಬುತ್ತಿದ್ದರು. “ನಾಳೆ ಹೊರಡೋಣ. ಪಾದ ಬದಲಿಸೋದು ಮಾದಮ್ಮನ ಸೊಸೆಗೆ ಕಲಿಸಿ, ಪೆಟ್ಟಿಗೆ ಅಲ್ಲೇ ಬಿಟ್ಟು ಬರೋಣ.”

ಸವೆದ ಪಾದವನ್ನು ನಾನು ಎಸೆಯಲಿಲ್ಲ. ಮಣ್ಣನ್ನೂ ತೊಳೆಯಲಿಲ್ಲ. ನಮ್ಮ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ.