ಮಾಸ್ಕಿನ ಬಸವಕುಮಾರ

ಸುರಪುರದ ಆಂಬುಲೆನ್ಸ್ ನರ್ಸ್ ಬಸವಕುಮಾರನ ಮೂಗು ಹೇಗಿದೆಯೆಂದು ಅವನ ಹೆಂಡತಿಯನ್ನೇ ಕೇಳಬೇಕು. ನಾವೆಲ್ಲ ನೋಡಿದ್ದು ಎರಡು ಕಣ್ಣು, ಒಂದು ಮಾಸ್ಕು. ಚಳಿಯಲ್ಲೂ ಗಾಡಿಯ ಕಿಟಕಿ ತೆರೆದಿಡುತ್ತಾನೆ, ಕೆಮ್ಮುವವರ ಬಾಯಿಗೂ ಮಾಸ್ಕು ಕಟ್ಟುತ್ತಾನೆ, ಒಂದು ಕೈಗವಸು ಹರಿದರೆ ಎರಡನ್ನೂ ಬಿಸಾಡಿ ಹೊಸವನ್ನು ಏರಿಸುತ್ತಾನೆ. "ಮದುಮಗಳಂಗ ಸಿಂಗಾರ ಮಾಡ್ಕೋತಿಯಲ್ಲೋ" ಎಂದು ಡ್ರೈವರ್ ಸಂಗಣ್ಣ ಕಾಡಿದರೆ, "ಟಿಬಿ ಹಿಡಿದ್ರ ನನ್ನ ಗುಳಿಗಿ ನೀ ನುಂಗ್ತಿಯೇನು? ಮನ್ಯಾಗ ಹಾಲು ಕುಡಿಯೋ ಕೂಸೈತಿ" ಎನ್ನುತ್ತಾನೆ. ಪೇಚಾಟ ಬರುವುದು ನೀರಿನಿಂದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರಿನ ತಂಬಿಗೆ ಕೊಡುತ್ತಾರೆ. ಇವನೋ ರೋಗಿಯ ಹತ್ತಿರ ಮಾಸ್ಕು ಇಳಿಸುವವನಲ್ಲ. ಬೋನಾಳದ ಕೇರಿಯಲ್ಲಿ ಗಂಡನನ್ನು ಗಾಡಿಗೇರಿಸುವಾಗ ಇವನು ನೀರು ಬೇಡವೆಂದದ್ದಕ್ಕೆ ಸುಂದ್ರಮ್ಮ, "ನಮ್ಮ ಮನಿ ನೀರು ನಿಮಗ ನಡಿಯಂಗಿಲ್ಲ, ಬಿಡ್ರಿ" ಎಂದು ಚಾಚಿದ ತಂಬಿಗೆಯನ್ನು ಹಿಂದಕ್ಕೆಳೆದುಕೊಂಡಳು. ತಿಳಿಸಿ ಹೇಳಲು ಆಗ ಪುರುಸೊತ್ತಿರಲಿಲ್ಲ. ಹೀಗೆ ಅನ್ನಿಸಿಕೊಂಡ ಮನೆಗಳಿಗೆಲ್ಲ ರಜೆಯ ದಿನ ಬೈಕಿನಲ್ಲಿ ಹೋಗುವುದು ಅವನ ರೂಢಿ. ಗಂಡ ಗುಣವಾದ ಮೇಲೆ ಸುಂದ್ರಮ್ಮನ ಅಂಗಳದಲ್ಲೂ ಬರಿ ಮುಖದಲ್ಲಿ ಹೋಗಿ ನಿಂತ. "ಯಾರಪಾ ನೀನು?" ಎಂದಳು ಆಕೆ, ಗುರುತು ಸಿಗದೆ. "ಆಂಬುಲೆನ್ಸಿನವ ಅದೀನಿ, ಯವ್ವ. ಅವತ್ತಿನ ನೀರು ಕುಡಿಯಾಕ ಬಂದೀನಿ."