ಹಳದಿ ಚೀಟಿಯ ಕಿತ್ತಳೆ

ಸೊಸೆಗೆ ಅವರು ಅತ್ತೆ, ಅಂಗಡಿಯವರಿಗೆ ಹಳದಿ ಚೀಟಿ ಅಮ್ಮ. ಬೀದಿ ಮೂಲೆಯ ದೊಡ್ಡ ಅಂಗಡಿಯಲ್ಲಿ, ಇನ್ನೇನು ಕೆಡಲಿರುವ ಹಣ್ಣು ತರಕಾರಿಗೆ ಹಳದಿ ಚೀಟಿ ಅಂಟಿಸಿ ಅರ್ಧ ಬೆಲೆಗೆ ಇಡುತ್ತಿದ್ದರು. ಮೇಲೊಂದು ಬೋರ್ಡು: 'ಹಣ್ಣು ಎಸೆದರೆ ಅದು ಕುಡಿದ ನೀರನ್ನೂ ಎಸೆದಂತೆ.' ಮಿಕ್ಕವರೆಲ್ಲ ಬೆಲೆ ಓದಿದರು, ಅತ್ತೆ ಬೋರ್ಡು ಓದಿದರು. ಮನೆಯವರ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅತ್ತೆ ಆಯುಷ್ಯವೆಲ್ಲ ಲಾಂಡ್ರಿಯೊಂದರಲ್ಲಿ ಕಂಡವರ ಹಾಸಿಗೆ ಬಟ್ಟೆ ಒಗೆದವರು. ನೀರು ಸಾಲದೆ ಆ ಲಾಂಡ್ರಿ ಬಾಗಿಲು ಹಾಕಿತು. ಅಲ್ಲಿಂದೀಚೆಗೆ, ಎರಡು ಕೆಲಸ ಮಾಡದೆ ಒಂದು ಹನಿ ನೀರೂ ಅವರ ಮನೆ ಬಿಟ್ಟು ಹೋಗುವಂತಿರಲಿಲ್ಲ. ತರಕಾರಿ ತೊಳೆದದ್ದು ಗಿಡಕ್ಕೆ, ಬಟ್ಟೆ ಜಾಲಿಸಿದ್ದು ನೆಲ ಒರೆಸಲು. ಈಗ ಬದನೆಕಾಯಿಯ ಹೊಟ್ಟೆಯಲ್ಲೂ ನೀರಿದೆ ಎಂದು ಗೊತ್ತಾದ ಮೇಲೆ ಕೇಳಬೇಕೆ? ಸುಕ್ಕು ಬಿದ್ದ ಬದನೆ, ಜೋತುಬಿದ್ದ ಸೊಪ್ಪು, ಮೆತ್ತಗಾದ ಟೊಮೆಟೊ ಎಲ್ಲವೂ ಬಂದು ಮನೆಯಲ್ಲಿ ಠಿಕಾಣಿ ಹೂಡಿದವು.

ತಾಜಾ ಹಣ್ಣು ಇರಲಿಲ್ಲವೆಂದಲ್ಲ, ಮಗ ತರುತ್ತಿದ್ದ. ಆದರೆ ಅತ್ತೆಯ ಕಾನೂನಿನಂತೆ ಕೆಡುವುದನ್ನು ಮೊದಲು ತಿನ್ನಬೇಕು. ಅದು ಮುಗಿಯುವ ಹೊತ್ತಿಗೆ ತಾಜಾದ್ದೂ ಕೆಡತೊಡಗಿರುತ್ತಿತ್ತು. ಒಳ್ಳೆಯ ಹಣ್ಣು ತಂದು, ಕಾದು, ಹಳತು ಮಾಡಿ ತಿನ್ನುವ ಮನೆ ಇನ್ನೊಂದಿರಲಾರದು. ಮದುವೆಯಾಗಿ ಬಂದ ಮೇಲೆ ಗಟ್ಟಿ ಸೌತೆಕಾಯಿ ಕಡಿದ ನೆನಪೇ ಸೊಸೆಗಿರಲಿಲ್ಲ.

ಹೀಗಿರುವಾಗ ಅತ್ತೆ ಜ್ವರ ಬಂದು ಮಲಗಿದರು. ಜ್ವರ ಬಿಟ್ಟರೂ ಊಟ ಸೇರಲಿಲ್ಲ, ಎದ್ದರೆ ಕಾಲು ನಡುಗುತ್ತಿತ್ತು. "ತಾಜಾ ಹಣ್ಣು ತಿನ್ನಿಸಿ. ಹೀಗೇ ಬಿಟ್ರೆ ಇವರು ಏಳೋದು ಕಷ್ಟ," ಎಂದರು ಡಾಕ್ಟರು. ಮಗ ಕಿತ್ತಳೆ ತಂದ. ಅತ್ತೆ ಮುಖ ತಿರುಗಿಸಿದರು.

"ಅದು ಇನ್ನೂ ನಾಲ್ಕು ದಿನ ಇರುತ್ತೆ. ಹಳೇದು ಯಾವುದಿದೆ, ಅದು ಕೊಡು."

"ಹಣ್ಣು ಇರುತ್ತಮ್ಮ, ನೀನಿರಬೇಕಲ್ಲ," ಎಂದು ರೇಗಿದ ಮಗ, ಹೊರಗೆ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ.

ಸೊಸೆ ಗಟ್ಟಿಗಿತ್ತಿ. ಬಾಡಿದ ಕಿತ್ತಳೆಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ತಾಜಾ ಹಣ್ಣಿಗೆ ಅಂಟಿಸಿ ತಂದುಕೊಟ್ಟಳು. ಅತ್ತೆ ಚೀಟಿ ನೋಡಿದರು, ಸುಲಿದರು, ತಿಂದರು. ಇನ್ನೊಂದು ಕೇಳಿ ತಿಂದರು.

"ಎಷ್ಟು ರಸ ಇದೆ ನೋಡು. ಇಂಥದ್ದನ್ನ ಬಿಸಾಕೋರಿಗೆ ಏನು ಹೇಳೋಣ?"

"ಹೌದತ್ತೆ," ಎಂದಳು ಸೊಸೆ.

ಅಂದಿನಿಂದ ದಿನವೂ ಅದೇ ನಾಟಕ. ಅತ್ತೆಯ ಕೆನ್ನೆ ತುಂಬಿತು, ದನಿ ಬಂತು. ನೋಡಲು ಬಂದವರಿಗೆಲ್ಲ ಹಳದಿ ಚೀಟಿಯ ಮಹಿಮೆ ಕೊರೆಯತೊಡಗಿದರು. ಸೊಸೆಗೆ ಮಾತ್ರ ಚೀಟಿಗಾಗಿ ಹಳೆಯ ಹಣ್ಣನ್ನೂ ಕೊಳ್ಳದೆ ವಿಧಿಯಿರಲಿಲ್ಲ. ಅದನ್ನು ಏನು ಮಾಡುವುದು? ಕಸದ ಬುಟ್ಟಿಯವರೆಗೆ ಕೈ ಹೋಗುತ್ತಿತ್ತು, ಹಾಕಲು ಮನಸ್ಸು ಬರುತ್ತಿರಲಿಲ್ಲ. ಪಾಪ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಾನೇ ತಿಂದು ಮುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಯಾರ ಆಸರೆಯೂ ಇಲ್ಲದೆ ನಡೆದು ಅಡುಗೆಮನೆಗೆ ಬಂದೇಬಿಟ್ಟರು. ಸೊಸೆಯ ಕೈಯಲ್ಲಿ ಚೀಟಿಯಿಲ್ಲದ, ನಾರು ನಾರಾದ ಕಿತ್ತಳೆ. ಒಲೆಯ ಪಕ್ಕದಲ್ಲಿ ಚೀಟಿ ಅಂಟಿಸಿಕೊಂಡ ತಾಜಾ ಕಿತ್ತಳೆ. ಅತ್ತೆಗೆ ಎಲ್ಲ ಅರ್ಥವಾಯಿತು. ಸೊಸೆ ಬೈಗುಳಕ್ಕೆ ತಯಾರಾಗಿ ನಿಂತಳು.

"ಇದನ್ನ ಯಾಕೆ ತಿಂತಿದ್ದೀಯ?"

"ಹಾಳಾಗುತ್ತಲ್ಲ ಅತ್ತೆ."

ಇಷ್ಟು ವರ್ಷ ತಾವೇ ಆಡಿದ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದ ಅತ್ತೆ, ಸೊಸೆಯ ಕೈಯಿಂದ ಹಣ್ಣು ಕಿತ್ತು ಕಸದ ಬುಟ್ಟಿಗೆ ಎಸೆದರು.

"ನಾನು ತಿಂದಿದ್ದು ಸಾಕು. ನೀನು ಶುರು ಮಾಡ್ಬೇಡ."

ತಾಜಾ ಕಿತ್ತಳೆ ಸುಲಿದು ಅರ್ಧ ಅವಳ ಕೈಗಿಟ್ಟು, ಅವಳು ನುಂಗುವವರೆಗೂ ಅಲ್ಲೇ ನಿಂತರು. ಸೊಸೆಗೆ ಅಳು ಬಂತು. ಅತ್ತೆಯ ಕಣ್ಣೂ ತುಂಬಿತ್ತು, ಆದರೆ ನೋಟ ಬುಟ್ಟಿಯ ಕಡೆಗಿತ್ತು.