ಮೇಲ್ಮನೆ ಆಂಟಿಯ ಬಜಾರ್ ಇಂಗ್ಲಿಷ್

ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಮೇಲ್ಮನೆ ಆಂಟಿಯನ್ನು ನೆನೆದರೆ ಮುಖಕ್ಕಿಂತ ಮೊದಲು ಆ ಬೂಟು ಕಣ್ಣಿಗೆ ಬರುತ್ತದೆ. ಚಳಿಗಾಲದಲ್ಲಿ ಅದರೊಳಗಿಂದ ಬೂದು ಬಣ್ಣದ ಉಣ್ಣೆ ಕಾಲುಚೀಲವೂ ಇಣುಕುತ್ತಿತ್ತು. ದಿಲ್ಲಿಯ ಜನಕಪುರಿಯಲ್ಲಿ ನಮ್ಮ ಬೀದಿಯ ಹೆಂಗಸರು ಒಮ್ಮೆ ಬೂಟು, ಒಮ್ಮೆ ಸೀರೆ ನೋಡಿ ಮುಸಿಮುಸಿ ನಗುತ್ತಿದ್ದರು. ಆಂಟಿ ಅದಕ್ಕೆ ಸೊಪ್ಪು ಹಾಕಿದವರೇ ಅಲ್ಲ. "ನಡೆಯೋದು ನಾನು, ನಗೋದು ಅವರು. ಅವರವರ ಕೆಲಸ ಅವರವರು ಮಾಡ್ಲಿ" ಎನ್ನುತ್ತಿದ್ದರು.

ತುಮಕೂರಿನ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ದಿಲ್ಲಿಗೆ ಬಂದು, ಯಾವುದೋ ಸಚಿವಾಲಯದಲ್ಲಿ ಸ್ಟೆನೋಗ್ರಾಫರ್ ಆಗಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಒಂಟಿಯಾಗಿ ಬದುಕಿ, ನಿವೃತ್ತಿಯಾದ ಮೇಲೆ ನಮ್ಮ ಬಾಡಿಗೆ ಮನೆಯ ಮೇಲಿನ ಮಹಡಿಗೆ ಬಂದಿದ್ದರು. ಜೀವನವಿಡೀ ಸಾಹೇಬರ ಡಿಕ್ಟೇಶನ್ ಬರೆದುಕೊಂಡ ಅಭ್ಯಾಸದಿಂದ, ವಾದ ಮುಗಿಸಬೇಕೆನಿಸಿದಾಗ "ಫುಲ್ ಸ್ಟಾಪ್" ಎಂದುಬಿಡುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವರ ವಿಷಯದಲ್ಲಿ ಸುಳ್ಳು. ಆಂಟಿ ಮಾತೂ ಬಲ್ಲರು, ಜಗಳವನ್ನೂ ಬಲ್ಲರು. ಇಂಗ್ಲಿಷ್ ಮುತ್ತಿನ ಹಾಗೆ ಆಡುತ್ತಿದ್ದರು. ಹಿಂದಿ ಮಾತ್ರ ಕೊನೆಯವರೆಗೂ ಅಪ್ಪಟ ತುಮಕೂರಿನದು. ಹಿಂದಿ ವ್ಯಾಕರಣದ ಪ್ರಕಾರ ದಿಲ್ಲಿಯವರಿಗೆಲ್ಲ ಹೆಣ್ಣಾಗಿದ್ದ ಬಸ್ಸು ಆಂಟಿಯ ಬಾಯಲ್ಲಿ ಗಂಡಾಗಿ ಬಂದು ಗಂಡಾಗಿ ಹೋಗುತ್ತಿತ್ತು.

ನಾನು ಮದುವೆಯಾಗಿ ದಾವಣಗೆರೆಯಿಂದ ಬಂದವಳು. ಮಗಳಿಗೆ ಮೂರು ತುಂಬುವ ಹೊತ್ತಿಗೆ ತರಕಾರಿ ಕೊಳ್ಳುವಷ್ಟು ಹಿಂದಿ ಬಂದಿತ್ತು. ಇಂಗ್ಲಿಷ್ ಮಾತ್ರ ಓದಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆ ವರ್ಷಗಳಲ್ಲಿ ದಿಲ್ಲಿಯ ಶಾಲೆಗಳು ನರ್ಸರಿಗೆ ಸೇರಿಸಿಕೊಳ್ಳುವ ಮುನ್ನ ಮಗುವಿನ ಜೊತೆ ತಂದೆತಾಯಿಯನ್ನೂ ಕೂರಿಸಿ ಸಂದರ್ಶನ ಮಾಡುತ್ತಿದ್ದವು, ಅದೂ ಇಂಗ್ಲಿಷಿನಲ್ಲಿ. ಮೊದಲ ಶಾಲೆಯಲ್ಲಿ ಅಲ್ಲಿನ ಮೇಡಂ ನನ್ನ ಕಡೆ ತಿರುಗಿ, ಮಗುವಿಗೆ ಏನು ತಿನ್ನಲು ಇಷ್ಟ ಎಂದು ಕೇಳಿದರು. ಪ್ರಶ್ನೆ ತಿಳಿಯಿತು. ಉತ್ತರ ಗಂಟಲಲ್ಲೇ ನಿಂತಿತು. ಗುರುಗಾಂವಿನ ಕಂಪನಿಯಲ್ಲಿ ದಿನವಿಡೀ ಇಂಗ್ಲಿಷ್ ಆಡುವ ನನ್ನ ಗಂಡ "ನೂಡಲ್ಸ್" ಎಂದರು. ನನ್ನ ಮಗಳಿಗೆ ಇಷ್ಟವಿದ್ದದ್ದು ಮೊಸರನ್ನ.

ಆಯ್ಕೆಯಾದವರ ಪಟ್ಟಿಯಲ್ಲಿ ಮಗಳ ಹೆಸರಿರಲಿಲ್ಲ. ನನ್ನಿಂದಲೇ ಹೋಯಿತು ಎಂದು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಆ ಬಿಳಿ ಬೂಟು ಬಂದು ಎದುರಿಗೆ ನಿಂತಿತು. ಆಂಟಿ ಪೂರ್ತಿ ಕತೆ ಕೇಳಿ, ಸಮಾಧಾನದ ಒಂದು ಮಾತೂ ಆಡದೆ, "ಇನ್ನೊಂದು ಶಾಲೆ ಯಾವಾಗ ಕರೆದಿದೆ?" ಎಂದರು.

"ಮುಂದಿನ ತಿಂಗಳು. ಇವರು, ನೀನು ಸುಮ್ನೆ ನಗ್ತಾ ಕೂತಿರು, ನಾನು ಮಾತಾಡ್ತೀನಿ ಅಂದಿದಾರೆ."

"ನಗೋಕೆ ಗೊಂಬೆ ಸಾಕು. ಚಲೋ, ಚೀಲ ತಗೊಂಡು ಬಾ. ಬಜಾರಿಗೆ ಹೋಗೋಣ."

ವ್ಯಾಕರಣದ ಪುಸ್ತಕ ತೆಗೆಯುತ್ತಾರೆ ಎಂದುಕೊಂಡಿದ್ದ ನನಗೆ ಇದೇನು ಹುಚ್ಚು ಎನ್ನಿಸಿತು. ದಾರಿಯಲ್ಲಿ ಆಂಟಿ ಹೇಳಿದರು: "ನೋಡು ಹುಡುಗಿ, ಇಂಟರ್‌ವ್ಯೂನಲ್ಲಿ ನೀನು ಬೇಡೋಳು, ಅದಕ್ಕೇ ನಾಲಿಗೆ ಒಣಗುತ್ತೆ. ಅಂಗಡೀಲಿ ನೀನು ಕೊಳ್ಳೋಳು. ಕೊಳ್ಳೋಳು ತಪ್ಪು ಮಾತಾಡಿದ್ರೂ ಅಂಗಡಿಯವನು ನಗಲ್ಲ, ಸಾಮಾನು ತೋರಿಸ್ತಾನೆ. ಮೊದಲು ಅಲ್ಲಿ ಬಾಯಿ ಬಿಡು."

ಅವರ ಪಾಠದ ಕ್ರಮ ಲೋಕದಲ್ಲಿ ಬೇರೆಲ್ಲೂ ಇರಲಾರದು. ಒಂದೊಂದು ಕಾಲಕ್ಕೆ ಒಂದೊಂದು ಅಂಗಡಿ. ವರ್ತಮಾನ ಕಾಲ ತರಕಾರಿ ಗಾಡಿಯ ಮುಂದೆ, ಏಕೆಂದರೆ ಅಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. "ಭಯ್ಯಾ, ಇಸ್‌ಸೇ ಹಿಂದಿ ಮತ್ ಬೋಲ್ನಾ", ಇವಳ ಜೊತೆ ಹಿಂದಿ ಆಡಬೇಡ, ಎಂದು ಗಾಡಿಯವನಿಗೆ ತಾಕೀತು ಮಾಡಿ, ನನ್ನನ್ನು ಮುಂದೆ ನೂಕಿ ತಾವು ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು, "ಯು ಆರ್ ಗಿವಿಂಗ್ ಓಲ್ಡ್ ಬೀನ್ಸ್, ಐ ಯಾಮ್ ವಾಚಿಂಗ್" ಎನ್ನಬೇಕು. ಕೊನೆಯಲ್ಲಿ ದಿಲ್ಲಿಯ ಪದ್ಧತಿಯಂತೆ ಪುಕ್ಕಟೆ ಕೊತ್ತಂಬರಿ ಕೇಳಬೇಕು, ಅದೂ ಇಂಗ್ಲಿಷಿನಲ್ಲಿ. ಎರಡನೆಯ ವಾರ ಗಾಡಿಯವನೇ ನನ್ನನ್ನು ಕಂಡೊಡನೆ "ಕೊರಿಯಾಂಡರ್ ಫ್ರೀ, ಮೇಡಂಜಿ" ಎಂದು ಕೂಗತೊಡಗಿದ. ನನಗಿಂತ ಅವನೇ ಬೇಗ ಕಲಿತ ಎಂದು ಆಂಟಿ ಬೈದರು.

ಭವಿಷ್ಯತ್ ಕಾಲಕ್ಕೆ ದರ್ಜಿಯ ಅಂಗಡಿ. "ಈ ಮನುಷ್ಯನಿಗೆ ಬೇರೆ ಕಾಲವೇ ಗೊತ್ತಿಲ್ಲ" ಎನ್ನುವುದು ಅವರ ವಾದ. ಅವನು ಯಾವಾಗ ಕೇಳಿದರೂ ಮಂಗಳವಾರ ಕೊಡುತ್ತೇನೆ ಎನ್ನುವವನು. ನಾನು "ವಿಲ್ ಯು ಫಿನಿಶ್ ಇಟ್ ಟುಮಾರೋ?" ಎಂದು ಕೇಳಿದಷ್ಟೂ ಅವನು ಸಲೀಸಾಗಿ "ಯೆಸ್, ಯೆಸ್, ವಿಲ್" ಎನ್ನುತ್ತಿದ್ದ. ಹೋಳಿಗೆಂದು ಹೊಲಿಯಲು ಕೊಟ್ಟ ನನ್ನ ರವಿಕೆ ಹಬ್ಬ ಕಳೆದ ಮೇಲೆ ಕೈಗೆ ಬಂತು.

ಕಷ್ಟವಾದದ್ದು ಭೂತಕಾಲ. ಅದಕ್ಕೆ ಕೊಂಡ ಸಾಮಾನನ್ನು ಹಿಂದಿರುಗಿಸಬೇಕು. ಮೆಟ್ರೋ ಕೆಲಸಕ್ಕೆಂದು ಅಗೆದುಹಾಕಿದ್ದ ರಸ್ತೆಯ ಧೂಳಿನಲ್ಲಿ ಮೂಗಿಗೆ ಸೆರಗು ಹಿಡಿದು, ಹಿಡಿ ಕಳಚಿದ ಕುಕ್ಕರನ್ನು ಎತ್ತಿಕೊಂಡು ನಾವಿಬ್ಬರೂ ಪಾತ್ರೆ ಅಂಗಡಿಗೆ ಹೋದೆವು. "ಐ ಬಾಟ್ ಇಟ್ ಹಿಯರ್. ಇಟ್ ಬ್ರೋಕ್. ಯು ಸೆಡ್ ಇಟ್ ವಾಸ್ ಸ್ಟ್ರಾಂಗ್" ಎಂದು ಉಸಿರು ಬಿಗಿಹಿಡಿದು ಹೇಳಿದೆ. ಅಂಗಡಿಯವನು ಆಂಟಿಯ ಕಡೆ ನೋಡಿದ. ಅವರು ಗೋಡೆಯ ಕ್ಯಾಲೆಂಡರನ್ನು ಹೊಸದಾಗಿ ಕಂಡವರ ಹಾಗೆ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ನಾನು ಅದನ್ನೇ ಮತ್ತೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಅವನು ಹೊಸ ಹಿಡಿ ಹಾಕಿಕೊಟ್ಟ. ಹೊರಗೆ ಬಂದ ಮೇಲೆ ಆಂಟಿ ಜಿಲೇಬಿ ಕೊಡಿಸಿದರು. ಹೊಗಳುವುದರಲ್ಲಿ ಮಹಾ ಜಿಪುಣಿ; ಜಿಲೇಬಿಯಿಂದಲೇ ನಾವು ಅರ್ಥ ಮಾಡಿಕೊಳ್ಳಬೇಕು.

ಸಂದರ್ಶನದ ದಿನ ಬಂತು. ದಪ್ಪ ಕನ್ನಡಕದ ಹೆಡ್‌ಮಿಸ್ಟ್ರೆಸ್. ಬೇರೆ ಎಲ್ಲಾದರೂ ಅರ್ಜಿ ಹಾಕಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಂಡ ಬಾಯಿ ತೆರೆದರು. ಆಕೆ ಕೈಯೆತ್ತಿ ತಡೆದು, ತಾಯಿಯನ್ನು ಕೇಳಿದೆ ಎಂದರು.

ಬಾಯಿಗೆ ಒಂದು ತಿಂಗಳ ರೂಢಿ. ನಾನು ತಡೆಯುವುದರೊಳಗೆ ಅದು ತನ್ನಷ್ಟಕ್ಕೆ ತಾನು, "ಯೆಸ್ ಮೇಡಂ, ವಿ ಆರ್ ಲುಕಿಂಗ್ ಅಟ್ ಅದರ್ ಶಾಪ್ಸ್ ಆಲ್ಸೋ" ಎಂದುಬಿಟ್ಟಿತು.

ಶಾಲೆಯನ್ನು ಅಂಗಡಿ ಎಂದಿದ್ದೆ. ಮೇಜಿನ ಕೆಳಗೆ ಗಂಡನ ಬೂಟು ನನ್ನ ಪಾದವನ್ನು ಒತ್ತಿತು. ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಗಾದರೆ ಈ ಅಂಗಡಿಯಲ್ಲಿ ನಿಮಗೇನು ಬೇಕು ಎಂದು ಕೇಳಿದರು. ಕೆಟ್ಟದ್ದು ಕೆಟ್ಟೇಹೋಯಿತು, ಇನ್ನೇನು ಹೆದರುವುದು ಎನ್ನಿಸಿತು. ಬೀನ್ಸ್ ಆರಿಸುವಾಗಿನ ಧೈರ್ಯವೇ ಬಂತು. "ಐ ವಾಂಟ್ ಟು ಸೀ ದ ಕ್ಲಾಸ್‌ರೂಮ್. ಮೈ ಡಾಟರ್ ಕ್ರೈಸ್ ವೆನ್ ಶಿ ಈಸ್ ಸ್ಲೀಪಿ. ಹೂ ವಿಲ್ ಹೋಲ್ಡ್ ಹರ್?" ಎಂದೆ.

ಆಕೆ ಎದ್ದು, ಬನ್ನಿ, ತೋರಿಸುತ್ತೇನೆ ಎಂದು ತಾವೇ ಮುಂದಾಗಿ ನರ್ಸರಿ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಆಯಾಳನ್ನು ಪರಿಚಯಿಸಿ, ಅಳುವ ಮಕ್ಕಳನ್ನು ಎತ್ತಿಕೊಳ್ಳುವುದು ಇವಳೇ ಎಂದರು. ನನ್ನ ಮಗಳು ಆಗಲೇ ಆಯಾಳ ಬಳೆ ಹಿಡಿದು ನಿಂತಿದ್ದಳು. ಹೊರಡುವಾಗ ನಾನು ಬಜಾರಿನ ಅಭ್ಯಾಸದಂತೆ, ಬೇರೆ ಕಡೆಯೂ ನೋಡಿಕೊಂಡು ಮತ್ತೆ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಮುಗಿದೆ. ಹೆಡ್‌ಮಿಸ್ಟ್ರೆಸ್ ನಗು ತಡೆಯಲಾರದೆ ಬಾಗಿಲ ಕಡೆ ಮುಖ ತಿರುಗಿಸಿಕೊಂಡರು.

ಗಂಡ ಆಟೋದಲ್ಲೇ ಇನ್ನು ಯಾವ ಶಾಲೆ ಉಳಿದಿದೆ ಎಂದು ಲೆಕ್ಕ ಹಾಕತೊಡಗಿದರು. ಆದರೆ ಮರುದಿನ ಹಾಕಿದ ಪಟ್ಟಿಯಲ್ಲಿ ಮಗಳ ಹೆಸರಿತ್ತು. ಓಡಿಹೋಗಿ ಆಂಟಿಗೆ ಎಲ್ಲವನ್ನೂ ಹೇಳಿದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಅಂಗಡಿ ಅಂದ್ಯಾ? ಮುಖದ ಮೇಲೇ ಅಂದ್ಯಾ?"

"ಬಾಯಿಗೆ ಬಂದ್ಬಿಡ್ತು ಆಂಟಿ."

"ತಪ್ಪೇನಿದೆ? ಪುಕ್ಕಟೆ ಕಲಿಸ್ತಾರಾ ಅವರು?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ, "ನಾನು ಆಫೀಸಿಗೆ ಸೇರಿದಾಗ ನನ್ನ ಹಿಂದಿಗೆ ಇಡೀ ಸೆಕ್ಷನ್ ನಗ್ತಿತ್ತು ಕಣೆ. ಬಾತ್‌ರೂಮಿಗೆ ಹೋಗಿ ಅಳ್ತಿದ್ದೆ. ನೀನು ಮೆಟ್ಟಿಲ ಮೇಲೆ ಅತ್ತೆ, ಅಷ್ಟೇ ವ್ಯತ್ಯಾಸ" ಎಂದರು. ಆ ದಿನದಿಂದ ಅವರು ನನಗೆ ತೀರ ಹತ್ತಿರದವರಾದರು.

ಮುಂದೆ ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿ ಘಾಜಿಯಾಬಾದಿನಲ್ಲಿದ್ದ ತಂಗಿಯ ಫ್ಲ್ಯಾಟಿಗೆ ಹೋದರು. ನಾವು ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದೆವು. "ಅಜ್ಜಿ, ಯು ನೋ, ಅಮ್ಮ ಟೀಚರ್ ಜೊತೆ ಲಡಾಯಿ ಮಾಡಿದ್ಳು" ಎಂದು ನನ್ನ ಮಗಳು ಮೂರು ಭಾಷೆ ಕಲಸಿ ವರದಿ ಒಪ್ಪಿಸಿದರೆ ಆಂಟಿಗೆ ಪರಮಾನಂದ. ಒಂದು ಚಳಿಗಾಲದ ಬೆಳಿಗ್ಗೆ, ಚಹಾ ಕುಡಿದು ಬಿಸಿಲಿಗೆ ಕೂತವರು ಹಾಗೆಯೇ ಹೋಗಿಬಿಟ್ಟರು.

ಅವರ ನೆನಪಿಗೆಂದು ತಂಗಿಯ ಮನೆಯಲ್ಲಿ ಸೇರಿದ ದಿನ ನನಗೊಂದು ಆಶ್ಚರ್ಯ ಕಾದಿತ್ತು. ಕೋಣೆಯ ತುಂಬ ಹೆಂಗಸರು. ಕಿದ್ವಾಯಿ ನಗರದ ಹಳೆಯ ನೆರೆಯವರು, ತಮಿಳರು, ಮಲಯಾಳಿಗಳು, ಒಬ್ಬಾಕೆ ಒಡಿಶಾದವರು. ಪಕ್ಕದಲ್ಲಿ ಕೂತಿದ್ದ ಮಲಯಾಳಿ ನರ್ಸನ್ನು, ನಿಮಗೆ ಹೇಗೆ ಪರಿಚಯ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ತನ್ನನ್ನು ರೈಲ್ವೆ ರಿಸರ್ವೇಶನ್ ಕೌಂಟರಿನ ಮುಂದೆ ನಿಲ್ಲಿಸಿ ಇಂಗ್ಲಿಷ್ ಕಲಿಸಿದರು ಎಂದರು ಆಕೆ. ಒಡಿಶಾದವರಿಗೆ ಅಂಚೆ ಕಚೇರಿಯಲ್ಲಿ ಪಾಠವಾಗಿತ್ತಂತೆ. ನಾನು ತರಕಾರಿ ಗಾಡಿ ಎಂದೆ. ಸಾವಿನ ಮನೆ ಎನ್ನುವುದನ್ನೂ ಮರೆತು ಮೂವರೂ ನಕ್ಕೆವು. ನಾನೊಬ್ಬಳೇ ಅವರ ಶಿಷ್ಯೆ ಎಂದು ಬೀಗುತ್ತಿದ್ದವಳಿಗೆ ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಯಾರಾದರೂ ಎರಡು ಮಾತಾಡಿ ಎಂದು ಆಂಟಿಯ ತಂಗಿ ಕೇಳಿಕೊಂಡರು. ಅಲ್ಲಿ ಅಷ್ಟೊಂದು ಭಾಷೆಯವರಿದ್ದುದರಿಂದ ಇಂಗ್ಲಿಷಿನಲ್ಲೇ ಆಡಬೇಕಿತ್ತು. ಯಾರೂ ಏಳಲಿಲ್ಲ. ಜೊತೆಗೆ ಬಂದಿದ್ದ ಗಂಡ ನನ್ನ ಕಡೆ ನೋಡಿ, "ನೀನೇ ಮಾತಾಡು" ಎಂದರು. ಎದ್ದು ನಿಂತೆ. ಅಷ್ಟು ಜನರ ಮುಖ ನೋಡಿದೆ. ಹೆದರಿಕೆ ಆಗಲಿಲ್ಲ, ಅಳು ಮಾತ್ರ ಬಂತು. ಅಳುತ್ತಲೇ, ತರಕಾರಿ ಗಾಡಿಯ ಮುಂದಿನ ಮೊದಲ ಪಾಠದಿಂದ ಇಂಗ್ಲಿಷಿನಲ್ಲಿ ಶುರು ಮಾಡಿದೆ.